ಪೆಡಲಿನ ಮೇಲೆ ಬುವಾಲೈಯ ಕಾಲು

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸ್ಪ್ರಿಂಗ್ ಮುರಿದ ಈ ವಾರದಿಂದಲೋ, ಬೆರಳು ಮುರಿದ ಹೋದ ವರ್ಷದಿಂದಲೋ? ಮೊದಲನೆಯದಾದರೆ ತೊಂಗ್‌ದಾಮ್ ಬಗ್ಗೆ ಅಯ್ಯೋ ಪಾಪ ಅನ್ನುತ್ತೀರಿ. ಎರಡನೆಯದಾದರೆ ಅವನ ಮುಖವನ್ನೂ ನೋಡುವುದಿಲ್ಲ. ನನಗೆ ಎರಡೂ ಬೇಕು. ಆಸೆಬುರುಕ ಲೇಖಕ, ಏನು ಮಾಡೋದು.

೧.

"ಥಾಯ್ಲೆಂಡಿನ ಇಸಾನ್ ಸೀಮೆಯ ವಿಶಾಲವಾದ ಗದ್ದೆಗಳ ಮೇಲೆ ಸೂರ್ಯನು ತನ್ನ..."

ಬೇಡ. ಸೂರ್ಯನಿಗೂ ಈ ಕಥೆಗೂ ಸಂಬಂಧವಿಲ್ಲ. ಹೊಡೆದು ಹಾಕಿದೆ.

೧. (ಮತ್ತೆ)

ತೊಂಗ್‌ದಾಮನ ಪುಟ್ಟ ಟ್ರ್ಯಾಕ್ಟರು ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಅದರ ಮೇಲಿನ ಅಕ್ಷರ ಊರಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ, ಆದರೆ ಅದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಉಳುಮೆ ಶುರುವಾಗಬೇಕಾದ ವಾರವೇ ಕ್ಲಚ್ ಒಳಗಿನ ಸ್ಪ್ರಿಂಗ್ ಮುರಿಯಿತು. ಕಿರುಬೆರಳುದ್ದದ ಸ್ಪ್ರಿಂಗು. ಬೇರಿಂಗನ್ನು ಹಿಂದಕ್ಕೆ ಎಳೆದಿಡುವುದಷ್ಟೇ ಅದರ ಕೆಲಸ. ಅದಿಲ್ಲದಿದ್ದರೆ ಬೇರಿಂಗು ಉಜ್ಜಿ ಉಜ್ಜಿ ಸುಟ್ಟುಹೋಗುತ್ತದೆ, ಗದ್ದೆ ಬೀಳು ಬೀಳುತ್ತದೆ.

ಹೊಸ ಸ್ಪ್ರಿಂಗ್ ಪೇಟೆಯಲ್ಲಿ ಸಿಕ್ಕಿತು. ಹಾಕುವುದು ಹೇಗೆ? ಒಂದೋ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಹೋಳು ಮಾಡಬೇಕು. ಇಲ್ಲವೇ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ಕೊಕ್ಕೆಯನ್ನು ಬೆರಳಲ್ಲೇ ತಡಕಿ ಸಿಕ್ಕಿಸಬೇಕು.

(ಎರಡು ಹೋಳು ಎಂದ ಕೂಡಲೇ ಸಂಸಾರ ಒಡೆದದ್ದಕ್ಕೆ ಹೋಲಿಸಿ ಒಂದು ವಾಕ್ಯ ಬರೆದಿದ್ದೆ. ಓದಿ ನನಗೇ ನಾಚಿಕೆಯಾಗಿ ಅಳಿಸಿದೆ.)

ತೊಂಗ್‌ದಾಮನ ಕೈ ಹೆಬ್ಬೆರಳ ಬುಡಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಸಲೀಸಾಗಿ ಒಳಗೆ ಹೋಗುತ್ತಿದ್ದದ್ದು ಅವನ ಹೆಂಡತಿ ಬುವಾಲೈಯ ಕೈ. ಅವಳು ಹೋದ ವರ್ಷವೇ ಮನೆ ಬಿಟ್ಟು ಕೆರೆಯಾಚೆ ಅಕ್ಕನ ಮನೆ ಸೇರಿದ್ದಾಳೆ.

೨. ಯಾಕೆ ಬಿಟ್ಟಳು

"ಇದನ್ನ ಬರೀಬೇಡ ಮಾರಾಯ" ಅಂದ ತೊಂಗ್‌ದಾಮ್.

ಬರೀಲೇಬೇಕಲ್ಲಪ್ಪ.

"ಹಂಗಾದ್ರೆ ಬೇಕಂತ ಮಾಡ್ಲಿಲ್ಲ ಅಂತಾನೂ ಬರಿ."

ಬರೆದೆ. ಬೇಕಂತ ಮಾಡಲಿಲ್ಲ. ಆವತ್ತು ಉಳುಮೆಯ ಕೊನೇ ದಿನ. ಆಗಲೂ ಇದೇ ಸ್ಪ್ರಿಂಗು, ಇದೇ ಕಿಂಡಿ. (ಪ್ರತಿ ವರ್ಷ ಮುರಿಯುತ್ತಾ ಎಂದು ಕೇಳಬೇಡಿ. ಡೂಪ್ಲಿಕೇಟ್ ಮಾಲು.) ಅವಳ ಕೈ ಒಳಗೆ, ಅವನು ಮೇಲೆ ಸೀಟಿನಲ್ಲಿ, ಸುತ್ತ ಅಕ್ಕಪಕ್ಕದವರು.

"ಎಡಕ್ಕೆ, ಎಡಕ್ಕೆ! ಎಡ ಯಾವ್ದು ಅಂತ ಗೊತ್ತಾಗಲ್ವೇನೇ, ಎಮ್ಮೆ!"

ಸುತ್ತಲಿದ್ದವರು ನಕ್ಕರು.

"ಸ್ವಲ್ಪ ಸುಮ್ನಿರು, ಸಿಕ್ತು."

"ಏನ್ ಸಿಕ್ತು, ತಾಳು, ನಾನೇ ತೋರಿಸ್ತೀನಿ" ಎಂದು ಕ್ಲಚ್ ಪೆಡಲ್ ತುಳಿದ. ಒಳಗೆ ಬೇರಿಂಗು ಸರಿದು ಅವಳ ಬೆರಳನ್ನು ಅಮುಕಿತು.

ಮಾರನೇ ದಿನ ಉಳುಮೆ ಮುಗಿದ ಪೂಜೆ. ಅವನಪ್ಪ ಉಳುವ ಎಮ್ಮೆಗೆ ಮಾಡುತ್ತಿದ್ದ ಪೂಜೆಯನ್ನೇ ಇವನು ಟ್ರ್ಯಾಕ್ಟರಿಗೆ ಮಾಡುತ್ತಾನೆ. ಸ್ಟಿಯರಿಂಗಿಗೆ ಬಿಳಿ ದಾರ ಕಟ್ಟಿದ. ಬೇಯಿಸಿದ ಮೊಟ್ಟೆ, ಅಂಟಕ್ಕಿ ಅನ್ನ ಇಟ್ಟ. ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಕಬ್ಬಿಣದ ಎಮ್ಮೆಯೇ, ಬೈದಿದ್ರೆ ಕ್ಷಮಿಸು. ನೋವು ಮಾಡಿದ್ರೆ ಕ್ಷಮಿಸು. ನಿನ್ನ ದುಡಿಮೆಯಿಂದ್ಲೇ ನಮ್ಮನೆ ಅನ್ನ."

ಮೊಟ್ಟೆ ಬೇಯಿಸಿದ್ದು ಬುವಾಲೈ, ಬಟ್ಟೆ ಸುತ್ತಿದ ಕೈಯಲ್ಲಿ. ಅವನು ಹೇಳಿ ಮುಗಿಸುವವರೆಗೂ ನಿಂತು ಕೇಳಿದಳು. ಪಾತ್ರೆ ತೊಳೆದಿಟ್ಟು ಹೊರಟುಹೋದಳು.

ಒಂದು ಬೆರಳಿಗೆ ಇಷ್ಟೊಂದು ರಂಪಾನಾ ಎಂದು ಅವನು ಬಹಳ ದಿನ ಊರೆಲ್ಲ ಹೇಳಿಕೊಂಡು ತಿರುಗಿದ. ಆಮೇಲೆ ಹೇಳುವುದು ನಿಲ್ಲಿಸಿದ. ಪೂಜೆಯ ಆ ಮಾತುಗಳಲ್ಲಿ ಒಂದನ್ನಾದರೂ ಅವಳ ಕಡೆ ತಿರುಗಿ ಹೇಳಬಹುದಿತ್ತಲ್ಲ ಎಂದು ಅವನಿಗೆ ಹೊಳೆದದ್ದು, ಒಬ್ಬನೇ ಮೊಟ್ಟೆ ಬೇಯಿಸಿಕೊಂಡು ತಿನ್ನುವಾಗ. ಅದಾದ ಮೇಲೆ ಅವನಿಗೆ ಮೊಟ್ಟೆ ಸೇರುವುದಿಲ್ಲ.

೩.

ಅವನು ಕೆರೆಯಾಚೆ ಹೋದಾಗ ಬುವಾಲೈಯ ಅಕ್ಕ ಕಾಂಪುಯ್ ಜಗಲಿಯಲ್ಲಿ ಕೂತು ಕೋಸಂಬರಿಗೆ ಪಪ್ಪಾಯಿಕಾಯಿ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ.

"ಓಹೋ, ದಾಮ್ ಸಾಹೇಬ್ರು! ಏನ್ ಬೇಕಿತ್ತು? ಹೆಂಡ್ತಿ ಬೇಕಾ, ಹೆಂಡ್ತಿ ಕೈ ಸಾಕಾ?"

"ಟ್ರ್ಯಾಕ್ಟರ್ ಕೆಟ್ಟಿದೆ ಅಕ್ಕ."

(ಛೆ! ಇವನ ಬಾಯಿಗೆ ಎಂಥ ಒಳ್ಳೆ ಮಾತು ಬರೆದುಕೊಟ್ಟಿದ್ದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಹೊಸ್ತಿಲ ಹತ್ತಿರ ನುಂಗಿಬಿಟ್ಟ.)

ಬುವಾಲೈ ಒಳಗಿಂದ ಬಂದು ಬಲಗೈ ಮುಂದೆ ಹಿಡಿದಳು. ಮುಷ್ಟಿ ಕಟ್ಟಿದಳು. ತೋರುಬೆರಳು ಮಾತ್ರ ನೆಟ್ಟಗೆ ನಿಂತಿತ್ತು.

"ಇದು ಮಡಚಲ್ಲ. ಇನ್ನು ಕೊಕ್ಕೆ ಹಿಡಿಯಕ್ಕಾಗಲ್ಲ."

"ನಂಗೊತ್ತಿರ್ಲಿಲ್ಲ."

"ಕೇಳಿದ್ರೆ ತಾನೇ ಗೊತ್ತಾಗೋದು."

ಅವನು ಆ ಬೆರಳನ್ನೇ ನೋಡುತ್ತ ನಿಂತ. ಟ್ರ್ಯಾಕ್ಟರು, ಉಳುಮೆ ಎಲ್ಲ ಮರೆತುಹೋಯಿತು. ಹಿಂದಿರುಗಿ ಹೊರಟಾಗ ಅವಳೇ ಕರೆದಳು.

"ನಡಿ, ಬರ್ತೀನಿ. ಕೈ ನೀನು ಹಾಕು. ಮೇಲೆ ನಾನು ಕೂತ್ಕೋತೀನಿ."

೪.

ಮೊಣಕೈವರೆಗೆ ಸೋಪು ಬಳಿದುಕೊಂಡ. ಚರ್ಮ ತರಚಿ, ಹಲ್ಲು ಕಚ್ಚಿ, ಅಂತೂ ಕೈ ಒಳಗೆ ಹೋಯಿತು. ಈಚೆಗೆ ಎಳೆದು ನೋಡಿದ, ಬರಲಿಲ್ಲ. ಬಗ್ಗಿ ಕೂತವನಿಗೆ ಅವಳ ಮುಖ ಕಾಣುವುದಿಲ್ಲ. ಪೆಡಲಿನ ಮೇಲಿಟ್ಟ ಬರಿಗಾಲು ಕಾಣುತ್ತದೆ.

"ಎಡಕ್ಕೆ" ಅಂದಳು, ಮೆತ್ತಗೆ.

"ಸಿಗ್ತಿಲ್ಲ."

"ಸಿಗುತ್ತೆ. ನಂಗೇನೂ ಅವಸರ ಇಲ್ಲ."

ಅವನ ಬಾಯಲ್ಲಿ ಹಳೇ ಮಂತ್ರವೇ ಬಂತು. "ಬೈದಿದ್ರೆ ಕ್ಷಮಿಸು. ನೋವು ಮಾಡಿದ್ರೆ..."

"ಯಾರಿಗೆ ಹೇಳ್ತಿದ್ದೀಯ? ಇದಕ್ಕಾ, ನಂಗಾ?"

"ನಿಂಗೆ."

"ಭಯಕ್ಕೆ ಹೇಳ್ತಿದ್ದೀಯಾ?"

"ಹೂಂ. ಭಯಾನೂ ಇದೆ."

"ಆವತ್ತು ನಂಗೆ ಚೂರೂ ಭಯ ಇರ್ಲಿಲ್ಲ ಕಣೋ" ಅಂದಳು. "ಮೇಲೆ ಕೂತಿರೋದು ನೀನು ತಾನೇ ಅಂತ."

೫. ಅಂತ್ಯಗಳು

ಅ) ಸ್ಪ್ರಿಂಗ್ ಟಕ್ಕನೆ ಕೂತಿತು, ಬುವಾಲೈ ಮನೆಗೆ ಬಂದಳು. ಬರೆದು ಓದಿದೆ. "ಬರ್ತೀನಿ ಅಂತ ನಿಂಗ್ಯಾರು ಹೇಳಿದ್ದು?" ಅಂದಳು ಬುವಾಲೈ. ಹರಿದೆ.

ಆ) ಅವಳು ಪೆಡಲ್ ತುಳಿದಳು. ಇದನ್ನು ಅವಳು ಪೂರ್ತಿ ಓದಲೂ ಇಲ್ಲ. "ನಾನು ಅವನಲ್ಲ" ಅಂದಳಷ್ಟೇ. ನನಗೆ ಆ ಇಡೀ ದಿನ ಮತ್ತೇನೂ ಬರೆಯಲಾಗಲಿಲ್ಲ.

ಇ) ಸ್ಪ್ರಿಂಗ್ ಕೂತಿತು, ಅವಳು ಇಳಿದು ಕೆರೆಯಾಚೆ ನಡೆದಳು. ಇದಕ್ಕೆ ಅವಳ ತಕರಾರಿಲ್ಲ. "ಅದನ್ನ ಬರೀಬೇಡ, ಕೈ ಮುಗೀತೀನಿ" ಅಂದವನು ತೊಂಗ್‌ದಾಮ್. ಮುಗಿಯಲು ಅವನಿಗೆ ಒಂದೇ ಕೈ ಇತ್ತು, ಇನ್ನೊಂದು ಒಳಗಿತ್ತು.

ಈ) ಖಾಲಿ ಬಿಟ್ಟಿದ್ದೇನೆ.

ಇದು ಅನ್ಯಾಯ ಅನ್ನುತ್ತೀರಿ, ಗೊತ್ತು. ಆದರೆ ನಾನು ಪೆನ್ನು ಕೆಳಗಿಟ್ಟ ಮಾತ್ರಕ್ಕೆ ಅವನ ಕೈಯೇನೂ ಈಚೆ ಬರುವುದಿಲ್ಲ. ಸ್ಪ್ರಿಂಗಿನ ಒಂದು ತುದಿ ಸಿಕ್ಕಿದೆ, ಇನ್ನೊಂದನ್ನು ಬೆರಳು ತಡಕುತ್ತಿದೆ. ಅವಳ ಕಾಲು ಪೆಡಲಿನ ಮೇಲೇ ಇದೆ. ತುಳಿದಿಲ್ಲ, ತೆಗೆದೂ ಇಲ್ಲ.

"ಎಡಕ್ಕೆ" ಅನ್ನುತ್ತಿದ್ದಾಳೆ ಬುವಾಲೈ. "ಇನ್ನೂ ಸ್ವಲ್ಪ."