ಎಥ್ನಿಕ್ ಡೇಗೊಬ್ಬ ಸಾಹುಕಾರ

ಗುಡ್ಡದ ಮೇಲಿನ ಆ ಸ್ನಾತಕೋತ್ತರ ಕೇಂದ್ರದಲ್ಲಿ ಪಾಠ ತಪ್ಪಿದ್ದುಂಟು, ಪರೀಕ್ಷೆ ಮುಂದಕ್ಕೆ ಹೋದದ್ದುಂಟು. ಎಥ್ನಿಕ್ ಡೇ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಆ ದಿನ ಹುಡುಗರು ಪಂಚೆ ಉಟ್ಟು, ಅದು ಜಾರದಂತೆ ಮೇಲೊಂದು ಬೆಲ್ಟ್ ಬಿಗಿದು, ಸಂಸ್ಕೃತಿಯನ್ನು ಉಳಿಸುತ್ತಿದ್ದರು. ಈ ಸಲ ಸಮಿತಿಯ ಮುಂದಾಳು ಲಿಖಿತ್‌ಗೆ ಬರೀ ಪಂಚೆ ಸಾಲದೆನಿಸಿತು. ‘ತೋಟದ ಬದುಕು’ ಅಂತ ಒಂದು ಕಿರುನಾಟಕ ಆಗಲೇಬೇಕೆಂದು ಹಟ ಹಿಡಿದ.

ತೊಡಕು ಬಂದದ್ದು ಪಾತ್ರ ಹಂಚುವಾಗ. ತರಗತಿಯಲ್ಲಿದ್ದ ಪ್ಲಾಂಟರುಗಳ ಮಕ್ಕಳಿಗೆಲ್ಲ ಕೂಲಿಯಾಳಿನ ಪಾತ್ರವೇ ಬೇಕು. ಫೋಟೊದಲ್ಲಿ ಚೆನ್ನಾಗಿ ಬರುತ್ತದಂತೆ. ಸಾಹುಕಾರನಾಗಲು ಒಬ್ಬರೂ ತಯಾರಿಲ್ಲ.

“ಮೋನಿಕಾ, ನೀನೇ ಆಗೇ,” ಎಂದಳು ದೀಪಶ್ರೀ. “ನಿಂಗಾದ್ರೆ ಹೊಸ ಅನುಭವ.”

ಮೋನಿಕಾ ಒಪ್ಪಿದಳು. ಆಲ್ದೂರಿನ ಹತ್ತಿರ, ಇದೇ ದೀಪಶ್ರೀಯ ಅಪ್ಪ ಮಲ್ಲಿಕಾರ್ಜುನ ಅವರ ತೋಟದಲ್ಲಿ ಆಳುಗಳಿಗೆಂದು ಕಟ್ಟಿಸಿದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಅವ್ವ ಮುತ್ತಮ್ಮ ಇವತ್ತಿಗೂ ಅಲ್ಲೇ ಕಾಫಿ ಹಣ್ಣು ಕುಯ್ಯುತ್ತಾಳೆ.

ದೀಪಶ್ರೀಗೆ ಇನ್ನೊಂದು ಉಪಕಾರವೂ ಬೇಕಿತ್ತು. “ನಿಮ್ಮಮ್ಮ ತೋಟಕ್ಕೆ ಹೋಗುವಾಗ ಸೀರೆ ಮೇಲೆ ಹಾಕ್ಕೊಳ್ತಾರಲ್ಲ, ಆ ಅಂಗಿ ಕೊಡ್ಸೇ ಮಾರಾಯ್ತಿ. ಹಳೇದಿದ್ದಷ್ಟೂ ಒಳ್ಳೇದು.”

ಸಾಹುಕಾರರ ಮಗಳು ತನ್ನ ಅಂಗಿ ಕೇಳಿದಳೆಂದರೆ ಸುಮ್ಮನೆಯೆ? ಮುತ್ತಮ್ಮ ಅದನ್ನು ತಿಕ್ಕಿ ತಿಕ್ಕಿ ಒಗೆದು, ಪಕ್ಕದ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು, ಒಂದು ಸುಕ್ಕಿಲ್ಲದಂತೆ ಮಾಡಿ ಕಳಿಸಿದಳು. ದೀಪಶ್ರೀ ಬಿಡಿಸಿ ನೋಡಿದವಳೇ ಪೆಚ್ಚಾದಳು. ಕರೆಯೆಲ್ಲ ಹೋಗಿಬಿಟ್ಟಿತ್ತು! ಕೊನೆಗೆ ಕ್ಯಾಂಟೀನಿನಿಂದ ಡಿಕಾಕ್ಷನ್ ತರಿಸಿ ತೋಳಿಗೂ ಎದೆಗೂ ಚಿಮುಕಿಸಿಕೊಂಡ ಮೇಲೆ ಅವಳಿಗೆ ಶ್ರಮಜೀವಿಯ ಕಳೆ ಬಂತು.

ಎಥ್ನಿಕ್ ಡೇ ದಿನ ಶಾಮಿಯಾನ ಹಾಕಿಸಿಕೊಟ್ಟ ಪುಣ್ಯಕ್ಕೆ ಮಲ್ಲಿಕಾರ್ಜುನ ಅವರೇ ಮುಖ್ಯ ಅತಿಥಿ. ಲಿಖಿತ್ ಬರೆದಿದ್ದ ನಾಟಕದಲ್ಲಿ ಸಾಹುಕಾರ ಬಂದು, “ಎಲ್ಲರೂ ಚೆನ್ನಾಗಿದ್ದೀರಾ?” ಎಂದು ಕೇಳಿ, ಆಳುಗಳಿಗೆ ತನ್ನ ಕೈಯಾರೆ ಕಾಫಿ ಹಂಚಬೇಕಿತ್ತು. ಆಮೇಲೆ ಸಾಮೂಹಿಕ ಗೀತೆ.

ಹ್ಯಾಟು, ಗಂಬೂಟು ತೊಟ್ಟು, ಕೈಯಲ್ಲಿ ಬೆತ್ತ ಹಿಡಿದು ಮೋನಿಕಾ ವೇದಿಕೆ ಹತ್ತಿದಳು. ಅಪ್ಪನ ತೋಟದಿಂದ ತಂದು ನಿಲ್ಲಿಸಿದ್ದ ರೊಬಸ್ಟಾ ಕಾಫಿ ರೆಂಬೆ ಹಿಡಿದು ದೀಪಶ್ರೀ ಮೊಬೈಲುಗಳ ಕಡೆ ಮುಗುಳ್ನಗುತ್ತಿದ್ದಳು. ಅವಳ ಸೊಂಟದ ಚೀಲದಿಂದ ಹಣ್ಣು ಉದುರಿ ನೆಲದ ತುಂಬ ಹರಡಿತ್ತು. ಅದನ್ನು ಕಂಡದ್ದೇ ಮೋನಿಕಾಳಿಗೆ ಲಿಖಿತ್‌ನ ಮಾತು ಮರೆತುಹೋಗಿ, ಚಿಕ್ಕಂದಿನಿಂದ ಕೇಳಿದ್ದು ತಾನಾಗಿ ನಾಲಿಗೆಗೆ ಬಂತು.

“ಯಾರದು ಚೆಲ್ಲಿದ್ದು? ನಿಮ್ಮಪ್ಪ ನೆಟ್ಟಿದ್ದಾ ಈ ಗಿಡ?”

ಸಭೆ ಘೊಳ್ಳೆಂದಿತು. ಗಿಡ ನಿಜಕ್ಕೂ ಅಪ್ಪನದೇ ಆದ್ದರಿಂದ ದೀಪಶ್ರೀ ಕೆಳಗೆ ಕೂತಿದ್ದ ಅಪ್ಪನ ಮುಖ ನೋಡಿದಳು.

“ನೋಡ್ತಾ ನಿಂತ್ರೆ ಅದೇ ಎದ್ದು ಚೀಲಕ್ಕೆ ಬರುತ್ತಾ? ಬಗ್ಗು! ಒಂದೊಂದೇ ಆರಿಸು. ಬಗ್ಗಕ್ಕೆ ಸೊಂಟ ನೋವು, ಉಣ್ಣಕ್ಕೆ ಮಾತ್ರ ಏನೂ ನೋವಿಲ್ಲ ಅಲ್ವಾ?”

ದೀಪಶ್ರೀ ಬಗ್ಗಿದಳು. ಅವಳ ಹಿಂದೆ ಉಳಿದ ಶ್ರಮಜೀವಿಗಳೂ ಬಗ್ಗಿದರು. ಬೈಯುವುದು ಇಷ್ಟು ಸಲೀಸೆಂದು ಮೋನಿಕಾಳಿಗೆ ಗೊತ್ತೇ ಇರಲಿಲ್ಲ. ಪರದೆಯ ಮರೆಯಿಂದ ಲಿಖಿತ್, ಕಾಫಿ ಕೊಡು, ಕಾಫಿ ಕೊಡು ಎಂದು ಕೈ ಬೀಸುತ್ತಿದ್ದ. ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರನ್ನು ಕಂಡಂತೆ ಅವಳು ಅವನತ್ತ ಬೆತ್ತ ತೋರಿಸಿದಳು.

“ಏನ್ ರೈಟ್ರೇ, ನೊಣ ಹೊಡಿಯಕ್ಕಾ ನಿಮ್ಮನ್ನ ಇಟ್ಕೊಂಡಿರೋದು? ಬನ್ನಿ, ನೀವೂ ಆರಿಸಿ!”

ಅವನೂ ಬಂದು ಪಂಚೆ ಎತ್ತಿಕಟ್ಟಿ ಕೂತ.

ಮುಂದಿನ ಸಾಲಿನಲ್ಲಿ ಮಲ್ಲಿಕಾರ್ಜುನ ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಮಾತೆಲ್ಲ ಅವರದೇ; ಬೆತ್ತದಿಂದ ಬೂಟು ತಟ್ಟುವ ಠೀವಿಯೂ ಅವರದೇ. ಇದು ತಾವೇ ಎಂದು ಗುರುತು ಹಿಡಿದುಬಿಟ್ಟರೆ ಅವ್ವನ ಕೆಲಸಕ್ಕೇ ಸಂಚಕಾರವೆಂದು ಮೋನಿಕಾಳಿಗೆ ಹೆದರಿಕೆಯಾಯಿತು. ಅವರು ಪಕ್ಕದ ಪ್ರೊಫೆಸರರ ಕಡೆ ವಾಲಿ ಜೋರಾಗಿಯೇ ಹೇಳಿದರು:

“ಥೇಟ್ ಕಳಸದ ಕಡೆ ಸಾಹುಕಾರ್ರು ಕಣ್ರೀ! ಅವ್ರು ಆಳುಗಳನ್ನ ಹಿಂಗೇ ಗೋಳು ಹುಯ್ಕೊಳ್ಳೋದು. ನಮ್ ಕಡೆ ಇದೆಲ್ಲ ಇಲ್ಲಪ್ಪ.”

ಮೋನಿಕಾಳ ಹೆದರಿಕೆ ಇಳಿಯಿತು. ಆ ಜಾಗದಲ್ಲಿ ಉಳಿದದ್ದು ನಿರಾಸೆಯೋ ನಗುವೋ, ಅವಳಿಗೇ ತಿಳಿಯಲಿಲ್ಲ.

ಅತ್ಯುತ್ತಮ ಶ್ರಮಜೀವಿ ಪ್ರಶಸ್ತಿ ದೀಪಶ್ರೀಗೆ ಬಂತು. ಸೊಂಟ ಹಿಡಿದುಕೊಂಡೇ ಅಪ್ಪನ ಕೈಯಿಂದ ಇಸಿದುಕೊಂಡಳು. ಆಮೇಲೆ ಮಲ್ಲಿಕಾರ್ಜುನ ಅವರು ಮೋನಿಕಾಳನ್ನು ಹತ್ತಿರ ಕರೆದರು.

“ಓದು ಮುಗಿಸಿ ಬಾರಮ್ಮ, ನಮ್ಮಲ್ಲೇ ರೈಟರ್ ಕೆಲ್ಸ ಕೊಡ್ತೀನಿ. ಆಳುಗಳನ್ನ ನೋಡ್ಕೊಂಡ್ರೆ ಆಯ್ತು. ಚೆನ್ನಾಗಿ ದಬಾಯಿಸ್ತೀಯ! ಎಲ್ಲಿ ಕಲ್ತೆ?”

“ನಿಮ್ಮ ತೋಟದಲ್ಲೇ, ಸಾಹುಕಾರ್ರೇ.”

“ಶಭಾಷ್! ಮತ್ತೆ, ನಮ್ಮ ಮುತ್ತಮ್ಮನ ಮಗಳಲ್ವಾ!” ಎಂದು ಹೆಮ್ಮೆಯಿಂದ ಬೆನ್ನು ತಟ್ಟಿ ಜೀಪು ಹತ್ತಿದರು.

ಸಂಜೆ ಮನೆಯಲ್ಲಿ ಮುತ್ತಮ್ಮ ನಡೆದದ್ದನ್ನೆಲ್ಲ ಒಲೆ ಮುಂದೆಯೇ ಇನ್ನೊಮ್ಮೆ ಆಡಿಸಿದಳು. ಮಗಳು ಸೌಟು ಹಿಡಿದು ಗದರಿದಳು. ಮುತ್ತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

“ಮತ್ತೆ ರೈಟರ್ ಕೆಲ್ಸಕ್ಕೆ ಹೋಗ್ತೀಯೇನೇ?”

“ಇಲ್ಲವ್ವ. ಬಿ.ಎಡ್ ಮಾಡಿ ಟೀಚರ್ ಆಗ್ತೀನಿ.”

“ಅಲ್ಲೂ ಬೈಯೋ ಕೆಲ್ಸಾನೇ ತಾನೆ?” ಎಂದ ಮುತ್ತಮ್ಮ ಎದ್ದು ಸೊಂಟಕ್ಕೆ ಕೈಯಿಟ್ಟಳು. “ಇಷ್ಟು ಮೆತ್ತಗೆ ಬೈದ್ರೆ ಯಾರೂ ಹೆದ್ರಲ್ಲ ಮಾರಾಯ್ತಿ. ಇಲ್ಲಿ ನೋಡು, ಸಾಹುಕಾರ್ರು ಹೆಂಗೆ ಅಂತ ನಾನು ತೋರಿಸ್ತೀನಿ.”