ಥಿಯಾ ರೊಸ್ಕಾಳ ಕೈಗಳು

ಬಚ್ಚಲುಮನೆಯಿಂದ ಸುಂಯ್ ಎಂದು ಕೇಳಿಸಿತು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಆಮೇಲೆ ಏನೂ ಇಲ್ಲ. ಮನೆಯೆಲ್ಲ ಮಲಗಿದ್ದ ಹೊತ್ತು. ಸದ್ದಿಗಿಂತ ಅದರ ನಂತರದ ಮೌನಕ್ಕೇ ಹೆಚ್ಚು ಹೆದರುವವಳು ನಾನು, ಎದ್ದು ಓಡಿದೆ.

ಥಿಯಾ ರೊಸ್ಕಾ ಟಬ್ಬಿನ ಅಂಚಿನ ಮೇಲೆ ಕೂತಿದ್ದಳು. ಬೆಸುಗೆಯ ಸಲಾಕೆ ಅವಳ ಬಲಗೈ ಮೇಲೆ ಜಾರಿ ನೀರಿಗೆ ಬಿದ್ದಿತ್ತು. ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ಕೆಂಪು ಬರೆ. ಅವಳು ಕೈ ನೋಡುತ್ತಿರಲಿಲ್ಲ. ಟಬ್ಬಿನ ಉಪ್ಪುನೀರಲ್ಲಿ ತೇಲುತ್ತಿದ್ದ ನಿಂಬೆಹಣ್ಣಿನಷ್ಟು ದೊಡ್ಡ ದೀಪವನ್ನು ನೋಡುತ್ತಿದ್ದಳು. ಅದು ಉರಿಯುತ್ತಿತ್ತು.

“ಹತ್ಕೊಂಡಿತು ಕಣೇ ವಿನ್ನಿ,” ಅಂದಳು. “ಮೊನ್ನೆ ಥರ ಆರ್ಲಿಲ್ಲ.”

“ಮೊದ್ಲು ಕೈ ತೋರ್ಸಿ,” ಅಂದೆ.

ಆ ಕಾಲದಲ್ಲಿ ಹಾಲಿವುಡ್‌ನಲ್ಲಿ ಅವಳ ಮುಖ ಗೊತ್ತಿಲ್ಲದವರಿರಲಿಲ್ಲ. ನಾನು ಕಾಲೇಜಿನಲ್ಲಿ ಸಾಹಿತ್ಯ ಓದಿ, ಕೊನೆಗೆ ಹಿಡಿದದ್ದು ಅವಳ ಬದಲು ನಿಲ್ಲುವ ಕೆಲಸ. ಅವಳಷ್ಟೇ ಎತ್ತರ, ಅದೇ ಮೈಬಣ್ಣ. ಕ್ಯಾಮೆರಾದವರು ದೀಪ ಹೊಂದಿಸುವಷ್ಟು ಹೊತ್ತು ನಾನು ಅಲ್ಲಿ ನಿಂತು ಬೇಯುತ್ತಿದ್ದರೆ, ಅವಳು ಮೇಕಪ್ ಕೋಣೆಯಲ್ಲಿ ಕೂತು ತಂತಿ ಸುತ್ತುತ್ತಿದ್ದಳು. ಚಿತ್ರೀಕರಣ ಇರುವಾಗ ಅವಳ ಮನೆಯಲ್ಲೇ ಉಳಿಯುತ್ತಿದ್ದೆ.

ದೀಪದ ಹುಚ್ಚು ಹತ್ತಿಸಿದ್ದು ಅವಳ ತಮ್ಮ ಎಮಿಲ್. ವಿಯೆನ್ನಾ ಬಿಟ್ಟು ಅಕ್ಕನ ಬಳಿಗೆ ಹೊರಟಿದ್ದ ಅವನ ಹಡಗು ನಡುಗಡಲಲ್ಲಿ ಮುಳುಗಿತು. ಹುಡುಕಲು ಬಂದ ದೋಣಿಯವರಿಗೆ ಕೂಗು ಕೇಳಿಸಿತಂತೆ, ಎಲ್ಲಿಂದ ಎಂದು ಕತ್ತಲಲ್ಲಿ ಕಾಣಿಸಲಿಲ್ಲವಂತೆ. ಸಮುದ್ರದ ನೀರು ತಾಗಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ದೀಪವೊಂದು ಮುಳುಗುವವರ ಹೆಗಲ ಮೇಲಿರಬೇಕು ಎಂಬುದು ಅವಳ ಹಟ. ಸ್ಟುಡಿಯೋ ಮ್ಯಾನೇಜರ್ ಪ್ರುವಿಟ್‌ಗೆ ಇದೆಲ್ಲ ಸೇರದು. ಹಿಂದೊಮ್ಮೆ ಅವಳು ಹುಬ್ಬು ಸುಟ್ಟುಕೊಂಡಾಗಲೇ ಎಚ್ಚರಿಸಿದ್ದ: ಇನ್ನೊಂದು ಗಾಯ ಕಂಡರೆ ಮೇಜು, ತಂತಿ, ಡಬ್ಬಿ ಎಲ್ಲ ಲಾರಿಗೆ ಹಾಕಿಸುತ್ತೇನೆ. ಕರಾರಿನ ಪ್ರಕಾರ ಅವನಿಗೆ ಆ ಹಕ್ಕಿತ್ತು.

ಮರುದಿನವೇ ಕೈಯ ಕ್ಲೋಸಪ್ ಇತ್ತು. ಬೇರೆ ನಟಿಯರಿಗಾದರೆ ಯಾವ ಹುಡುಗಿಯ ಕೈಯಾದರೂ ನಡೆಯುತ್ತಿತ್ತು. ಥಿಯಾಳ ಕೈಗಳು ಸಾಬೂನಿನ ಜಾಹೀರಾತಿನಲ್ಲಿ ಊರೆಲ್ಲ ಕಾಣುತ್ತಿದ್ದವು. ತೆರೆಯ ಮೇಲೆ ಅವಳವೇ ಬರಬೇಕೆಂದು ಪ್ರುವಿಟ್‌ನ ಅಪ್ಪಣೆ.

“ನಿನ್ನ ಕೈ ಕೊಡು,” ಅಂದಳು ಥಿಯಾ.

ಕೊಟ್ಟೆ. ಅವಳು ನಕ್ಕುಬಿಟ್ಟಳು. ಚಿಕ್ಕಂದಿನಿಂದ ಕಚ್ಚಿ ಕಚ್ಚಿ ನನಗೆ ಉಗುರೇ ಉಳಿದಿರಲಿಲ್ಲ.

“ಮಾರಾಯ್ತಿ, ಸಾಹಿತ್ಯ ಓದೋರು ಇದನ್ನೇ ತಿಂದು ಬದುಕ್ತೀರಾ?”

ಹಳೆಯ ಫಿಲ್ಮಿನ ಸುರುಳಿಯೊಂದನ್ನು ಬಿಸಿನೀರಿಗೆ ಹಾಕಿ ಅದರ ಚಿತ್ರವನ್ನೆಲ್ಲ ತಿಕ್ಕಿ ತೆಗೆದಳು. ಉಳಿದ ತಿಳಿ ಹಾಳೆಯಿಂದ ಒಂದೊಂದೇ ಉಗುರು ಕತ್ತರಿಸಿ, ಅದೇ ಫಿಲ್ಮನ್ನು ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ಕರಗಿಸಿದ ಅಂಟಿನಿಂದ ಕೂರಿಸಿದಳು. ಸುಟ್ಟ ಕೈಗೆ ಬೆಣ್ಣೆ ಸವರಿದ ಬಟ್ಟೆ ಸುತ್ತಿಕೊಂಡೇ ಕೆಲಸ. ಫಿಲ್ಮು ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ ಎಂದು ಎಲ್ಲ ಮುಗಿದ ಮೇಲೆ ಹೇಳಿದಳು. ನನ್ನ ಮುಖ ನೋಡಿ ಸಮಾಧಾನವನ್ನೂ ಸೇರಿಸಿದಳು: “ಹತ್ಕೊಂಡ್ರೆ ಕೈ ಕೊಡವಿಬಿಡು, ಅಷ್ಟೇ.”

ಬೆಳಗಿನ ದೃಶ್ಯಗಳನ್ನು ಅವಳೇ ಕೈಗವಸು ಹಾಕಿಕೊಂಡು ದಾಟಿಸಿದಳು. ಅಪರಿಚಿತರ ಮನೆಗೆ ಬಂದ ಹೆಂಗಸು, ಉಳಿಯುವ ಮನಸ್ಸಾಗುವವರೆಗೆ ಕೈಗವಸು ತೆಗೆಯುವುದಿಲ್ಲ ಎಂದು ನಿರ್ದೇಶಕರಿಗೆ ಹೇಳಿದಳಂತೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಕ್ಲೋಸಪ್‌ನಲ್ಲಿ ಕೈಗವಸು ಕಳಚುವುದನ್ನೇ ತೋರಿಸಬೇಕು ಎಂದರು. ಕಳಚಿ, ಉಂಗುರ ತೆಗೆದು, ತಟ್ಟೆಯಲ್ಲಿಡಬೇಕು. ಕೇಳಿ ನನ್ನ ಬೆರಳ ತುದಿಗಳನ್ನು ನೋಡಿಕೊಂಡೆ. ಬಿಗಿಯಾದ ಕೈಗವಸಿನಿಂದ ಈ ಉಗುರುಗಳು ಹೇಗೆ ಹೊರಬರುತ್ತವೆ?

ಅಂಥ ಬಿಡಿ ಚಿತ್ರಗಳನ್ನು ಸಂಜೆ ಎಲ್ಲರೂ ಹೋದ ಮೇಲೆ ಲುಟ್ಸ್ ಮಾಮ ತೆಗೆಯುತ್ತಿದ್ದರು. ವಿಯೆನ್ನಾದಲ್ಲಿ ಥಿಯಾಳ ಮೊದಲ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಮುದುಕ, ಮಾತು ಕಡಿಮೆ. ಮೇಲಿನ ಅಟ್ಟದಲ್ಲಿ ದೀಪದವನೊಬ್ಬನಿದ್ದ. ನಾನು ಥಿಯಾಳ ಉಡುಪು, ಮುಸುಕಿನ ಹ್ಯಾಟು ಹಾಕಿ, ತಲೆ ತಗ್ಗಿಸಿ ಮೇಜಿನ ಮುಂದೆ ಕೂತೆ. ತಲೆನೋವು, ಮಾತಾಡಿಸಬೇಡಿ ಎಂದು ಮೊದಲೇ ಹೇಳಿಕಳಿಸಿದ್ದೆವು.

ಎಡಗೈಯದು ಸಲೀಸಾಗಿ ಬಂತು. ಬಲಗೈಯ ಕೈಗವಸನ್ನು ಅವಳಂತೆಯೇ ಬೆರಳು ಬೆರಳಾಗಿ ಸಡಿಲಿಸಿ ಎಳೆದೆ. ಕಿರುಬೆರಳ ತುದಿಯಲ್ಲಿ ಏನೋ ತಣ್ಣಗಾಯಿತು. ಉಗುರು ಒಳಗೇ ಉಳಿದಿತ್ತು.

ಕ್ಯಾಮೆರಾ ಓಡುತ್ತಲೇ ಇತ್ತು. ಅದರ ಹಿಂದಿನಿಂದ ಲುಟ್ಸ್ ಮಾಮನ ದನಿ ಬಂತು, ಮೇಲಿನವನಿಗೆ ಕೇಳದಷ್ಟು ಮೆಲ್ಲಗೆ.

“ಕಿರುಬೆರಳು ಒಳಗೆ ಮಡಚ್ಕೋ ಮಗಳೇ. ಈಗ ಉಂಗುರ. ಅವಸರ ಬೇಡ.”

ಮಡಚಿದೆ. ಉಂಗುರ ತಟ್ಟೆಗೆ ಬಿತ್ತು. ದೀಪಗಳು ಆರಿದವು. ಮುದುಕ ಬಂದು ಕೈಗವಸು ಎತ್ತಿ ಕೊಡವಿದರು. ಅಂಗೈಗೆ ಬಿದ್ದ ಉಗುರನ್ನು ಬೆಳಕಿಗೆ ಹಿಡಿದು ನೋಡಿದರು.

“ನಮ್ ಫಿಲ್ಮೇ,” ಅಂದರು. “ಕಳ್ಳಿ. ಅಂದ್ಹಾಗೆ ಅವಳ ದೀಪ ಹತ್ಕೊಂಡ್ತಾ?”

ಹೌದೆಂದು ತಲೆಯಾಡಿಸಿದೆ.

“ಆರ್ಲಿಲ್ವಾ?”

“ಬೆಳಗ್ಗೆ ನಾವು ಹೊರಡೋವಾಗ್ಲೂ ಉರೀತಿತ್ತು ಮಾಮ.”

ಅವರು ಉಗುರನ್ನು ಜೇಬಿಗೆ ಹಾಕಿಕೊಂಡು ಕ್ಯಾಮೆರಾಕ್ಕೆ ಹೊದಿಕೆ ಹೊದಿಸತೊಡಗಿದರು.

ಮರುದಿನ ಅದನ್ನು ನೋಡಿದ ಪ್ರುವಿಟ್, ಜನ ದುಡ್ಡು ಕೊಡುವುದೇ ಈ ಕೈಗಳಿಗೆ ಎಂದನಂತೆ. ಆವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ. ಥಿಯಾಳ ಮೇಜು ಇದ್ದಲ್ಲೇ ಇತ್ತು. ನೌಕಾಪಡೆಯವರು ದೀಪ ನೋಡಲು ಬಂದಾಗ ಅವಳ ಗಾಯ ಮಾಸಿತ್ತು. ಅವರು ದೀಪವನ್ನು ಬಿಟ್ಟು ಅವಳನ್ನೇ ನೋಡಿದರು, ಆದರೂ ಒಂದು ಮಾದರಿ ತೆಗೆದುಕೊಂಡು ಹೋದರು.

ಚಿತ್ರ ಬಿಡುಗಡೆಯಾದಾಗ ಅಕ್ಕ ಬಿಯಾಟ್ರಿಸ್ ನನ್ನನ್ನು ಥಿಯೇಟರಿಗೆ ಎಳೆದೊಯ್ದಳು. ತೆರೆಯ ತುಂಬ ನನ್ನ ಕೈಗಳು, ಕೈಗವಸು ಕಳಚುತ್ತ. ಕಿರುಬೆರಳು ಮಡಚಿದಾಗ ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು.

“ಆ ಕೈ ನೋಡೇ,” ಅಕ್ಕ ಪಿಸುಗುಟ್ಟಿದಳು. “ದೇವ್ರು ಕೊಟ್ರೆ ಹಾಗೆ ಕೊಡ್ಬೇಕು. ನೀನೂ ಇದೀಯ, ಬಾಯಿಂದ ಬೆರಳು ತೆಗಿ.”

ತೆಗೆದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಕ್ಕನಿಗೆ ಹೇಳಿದರೆ ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಪ್ರುವಿಟ್‌ನ ಲಾರಿ ಥಿಯಾಳ ಬಾಗಿಲಲ್ಲಿ ನಿಲ್ಲುತ್ತದೆ. ಕೈಗಳನ್ನು ಕೋಟಿನೊಳಗೆ ಸೇರಿಸಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಆ ಕತ್ತಲಲ್ಲೇ ನಿರ್ಧರಿಸಿದೆ.