ನಾಲ್ಕನೇ ಪ್ರೆಸ್ಸಿನ ಎರಡನೇ ಸದ್ದು

ಟಕ್, ಇಲ್ಲ, ಬರೀ ಟಕ್ ಅಲ್ಲ, ಧಡ್ ಆದಮೇಲೆ ಒಂದು ಸಣ್ಣ ಟಕ್, ಧಡ್ ಅನ್ನುವುದು ಪ್ರೆಸ್ಸಿನದು, ಅದು ದಿನಾ ಇರುವುದೇ, ಬೆಳಿಗ್ಗೆ ಆರರಿಂದ ಪೀಣ್ಯದ ಈ ಶೆಡ್ಡಿನಲ್ಲಿ ಎಂಟು ಪ್ರೆಸ್ಸುಗಳು ತಗಡು ಕತ್ತರಿಸುತ್ತ ಧಡ್ ಧಡ್ ಎನ್ನುತ್ತಲೇ ಇವೆ, ಆದರೆ ನಾಲ್ಕನೆಯದರ ಧಡ್ ಹಿಂದೆ ಬಾಲದ ಹಾಗೆ ಒಂದು ಟಕ್ ಬರುತ್ತಿದೆ, ಬಂತು, ಮತ್ತೆ ಬಂತು, ಎಣ್ಣೆ ಡಬ್ಬಿ ಹಿಡಿದು ಮೂರನೆಯದರ ಪಕ್ಕ ನಿಂತ ನನಗೆ ಕೇಳಿಸುತ್ತಿದೆ, ನಾಲ್ಕರ ಮುಂದೆ ಸ್ಟೂಲಿನ ಮೇಲೆ ಕೂತ ಆಶಾರಾಣಿಗೆ ಕೇಳಿಸುತ್ತಿಲ್ಲ, ಅವಳ ಕಿವಿಯಲ್ಲಿ ಹತ್ತಿ. ಎಡಗೈಯಲ್ಲಿ ಪಟ್ಟಿ ಒಳಗಿಡುತ್ತಾಳೆ, ಪೆಡಲ್ ತುಳಿಯುತ್ತಾಳೆ, ಧಡ್, ಬಲಗೈ ಒಳಗೆ ಹೋಗಿ ಬಿಲ್ಲೆ ಎತ್ತಿಕೊಂಡು ಬರುತ್ತದೆ, ಐದು ಬೆರಳು ಹೋದವು, ಐದು ಬೆರಳು ಬಂದವು, ಉಗುರಿಗೆ ನೀಲಿ ಬಣ್ಣ, ಕಿರುಬೆರಳಿನದು ಅರ್ಧ ಉದುರಿದೆ. ತೆಗೆಯಲು ಇಕ್ಕಳ ಕೊಟ್ಟಿದ್ದಾರೆ, ಇಕ್ಕಳ ಹಿಡಿದರೆ ಗಂಟೆಗೆ ಆರುನೂರು ಬಿಲ್ಲೆ ಆಗುವುದಿಲ್ಲ, ಹಾಗಾಗಿ ನಮ್ಮ ಶೆಡ್ಡಿನಲ್ಲಿ ಇಕ್ಕಳ ಮೊಳೆಗೆ ನೇತುಹಾಕುವ ವಸ್ತು. ಧಡ್, ಟಕ್. ಕ್ಲಚ್ಚಿನ ಕೀಲಿ ಪೂರ್ತಿ ಕೂರದಿದ್ದರೆ ಹಾಗೆ ಟಕ್ ಎನ್ನುತ್ತದೆ, ಹಾಗೆ ಎನ್ನುತ್ತ ಎನ್ನುತ್ತ ಯಾವುದೋ ಒಂದು ಗಳಿಗೆಯಲ್ಲಿ, ಯಾವ ಗಳಿಗೆಯೆಂದು ಯಾವ ಫಿಟ್ಟರೂ ಹೇಳಲಾರ, ಪೆಡಲ್ ತುಳಿಯದಿದ್ದರೂ ಪ್ರೆಸ್ ತಾನಾಗಿಯೇ ಇನ್ನೊಂದು ಸಲ ಇಳಿಯುತ್ತದೆ, ಡಬಲ್ ಹೊಡೆಯಿತು ಎನ್ನುತ್ತೇವೆ ಅದಕ್ಕೆ, ಆಗ ಕೈ ಒಳಗಿದ್ದರೆ ಮುಗಿಯಿತು. ಐದು ಹೋದವು. ಐದು ಬಂದವು. ಈ ಶೆಡ್ಡಿನ ಫಿಟ್ಟರ್ ನಾನೇ, ಸದ್ದು ಕೇಳುವುದೇ ನನ್ನ ಕೆಲಸ, ಕೇಳಿದ ಮೇಲೆ ನಿಲ್ಲಿಸಬೇಕಾದವನೂ ನಾನೇ.

ಆದರೆ ಟಕ್ ನಾಲ್ಕರಿಂದ ಬರುತ್ತಿದೆಯೋ ನನ್ನಿಂದ ಬರುತ್ತಿದೆಯೋ, ಅದಲ್ಲವೇ ಪ್ರಶ್ನೆ, ಬೇರೆ ಯಾವ ಫಿಟ್ಟರ್ ಇಂಥ ಪ್ರಶ್ನೆ ಕೇಳಿಕೊಳ್ಳುತ್ತಾನೆ, ಕೇಳಿಸಿದರೆ ಇದೆ ಎಂದು ಅರ್ಥ, ಊರಿಗೆಲ್ಲ ಹಾಗೆ, ನನಗೊಬ್ಬನಿಗೆ ಹಾಗಲ್ಲ. ಎರಡು ವರ್ಷದ ಹಿಂದೆ ನನ್ನ ತಲೆಗೆ ಒಬ್ಬ ಹತ್ತಿಕೊಂಡ, ನಾನು ಅವನಿಗೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದೇನೆ, ಏಕೆಂದರೆ ಅವನ ಕೆಲಸವೂ ಅದೇ, ನಾನು ಎದ್ದರೆ ಎದ್ದ ಎನ್ನುತ್ತಾನೆ, ಕೂತರೆ ಕೂತ ನೋಡ್ರಪ್ಪ ಎನ್ನುತ್ತಾನೆ, ಸುಮ್ಮನಿದ್ದರೆ ಮುಂದಕ್ಕೋಗಿ ಮುಂದಕ್ಕೋಗಿ ಎಂದು ತಳ್ಳುತ್ತಾನೆ. ಒಂದು ದಿನ ಅವನ ಮಾತು ಕೇಳಿ ಮುಂದಕ್ಕೆ ಹೋಗುತ್ತ ಹೋಗುತ್ತ ಪೀಣ್ಯದಿಂದ ಅತ್ತಿಬೆಲೆವರೆಗೆ ನಡೆದುಬಿಟ್ಟೆ, ಚಪ್ಪಲಿ ಸವೆದು ಹಿಮ್ಮಡಿ ರಕ್ತ, ರಾಜ್ಯದ ಗಡಿ ದಾಟಿದರೆ ಅವನ ಟಿಕೆಟ್ ನಡೆಯುವುದಿಲ್ಲ, ಇಳಿದು ಹೋಗುತ್ತಾನೆ ಎಂದು ನಾನು ಲೆಕ್ಕ ಹಾಕಿದ್ದೆ, ನಗು ಬರುತ್ತದೆ ಈಗ, ಆ ದಿನ ಅದು ನಗೆಯಾಗಿರಲಿಲ್ಲ, ಅದು ಆಕಾಶದಷ್ಟು ನಿಜವಾಗಿತ್ತು, ಟೀ ಅಂಗಡಿಯವನು ನನ್ನ ಫೋನಿನಿಂದ ಶರಣಮ್ಮನಿಗೆ ಕರೆ ಮಾಡಿದ, ಅಕ್ಕ ನಿಮ್ಮೆಜಮಾನ್ರು ಇಲ್ಲಿ ಕೂತು ಅಳ್ತಾ ಇದಾರೆ ಬನ್ನಿ. ಹೆಂಡತಿ ಬಂದಳು, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಹೇಳಿದರು, ಇರಣ್ಣ ಅವ್ರೇ, ನಿಮ್ಮ ಮೆದುಳು ತಾನೇ ಆಡಿದ ಮಾತನ್ನ ಹೊರಗಿಂದ ಬಂತು ಅಂದ್ಕೊಳ್ತಾ ಇದೆ ಅಷ್ಟೆ, ಇದು ಕಾಯಿಲೆ, ಶಾಪ ಅಲ್ಲ, ಮಾತ್ರೆ ಬಿಡಬೇಡಿ. ಬಿಡಲಿಲ್ಲ. ಕಂಡಕ್ಟರ್ ಹಿಂದಿನ ಸೀಟಿಗೆ ಹೋಗಿ ಕೂತ, ಆಗೊಮ್ಮೆ ಈಗೊಮ್ಮೆ ಕೆಮ್ಮುತ್ತಿದ್ದ ಅಷ್ಟೆ. ಬಿಡಲಿಲ್ಲ ಎಂದೆನಲ್ಲ, ಸುಳ್ಳು, ಹನ್ನೆರಡು ದಿನದಿಂದ ಅರ್ಧ ಮಾಡಿ ನುಂಗುತ್ತಿದ್ದೇನೆ, ಮೊದಲನೇ ಪಾಳಿಗೆ ನಾಲ್ಕೂವರೆಗೆ ಏಳಬೇಕು, ಪೂರ್ತಿ ಮಾತ್ರೆ ನುಂಗಿದರೆ ಕೈಕಾಲು ಸಿಮೆಂಟ್ ಮೂಟೆ, ಉಳಿದರ್ಧ ಬಚ್ಚಲಿಗೆ. ಶರಣಮ್ಮ ಮೊದಲೆಲ್ಲ ಬಾಯಿ ತೆರೆಸಿ ನೋಡುತ್ತಿದ್ದಳು, ಈಗ ನೋಡುವುದಿಲ್ಲ, ನಂಬಿದ್ದಾಳೆ.

ಧಡ್, ಟಕ್. ಕೇಳಿ ನೋಡು, ಪಕ್ಕದವರನ್ನು ಕೇಳಿ ನೋಡು ಎನ್ನುವುದು ಡಾಕ್ಟರಮ್ಮನ ಪಾಠ, ಅನುಮಾನ ಬಂದರೆ ನಿಮಗೂ ಕೇಳಿಸುತ್ತಾ ಅಂತ ಕೇಳಿ, ಅದರಲ್ಲಿ ನಾಚಿಕೆ ಇಲ್ಲ. ಡಬ್ಬಿ ಕೆಳಗಿಟ್ಟು ಹೋದೆ. ಆಶಾ, ಏನರ ಸದ್ದು ಬರಾಕತ್ತೈತೇನವಾ. ಅವಳು ಹತ್ತಿ ತೆಗೆದಳು, ಏನಣ್ಣ. ಸದ್ದವಾ, ಸದ್ದು. ಸದ್ದಲ್ದೆ ಇಲ್ಲಿನ್ನೇನಣ್ಣ ಇದೆ. ನಕ್ಕಳು, ಹತ್ತಿ ಮತ್ತೆ ಒಳಗೆ ಹೋಯಿತು, ಐದು ಬೆರಳೂ ಮತ್ತೆ ಒಳಗೆ ಹೋದವು, ಬಂದವು. ಡಾಕ್ಟರಮ್ಮ ಈ ಶೆಡ್ಡಿಗೆ ಒಮ್ಮೆ ಬರಬೇಕಿತ್ತು, ಇಲ್ಲಿ ಹತ್ತು ವರ್ಷ ದುಡಿದವರಿಗೆಲ್ಲ ಕಿವಿ ಕಲ್ಲು, ಯಾರನ್ನು ಕೇಳಲಿ, ಕೇಳಿಸುವ ಕಿವಿ ಇರುವವನು ನಾನೊಬ್ಬನೇ, ಆ ಕಿವಿಯೇ ಕಳ್ಳ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು ಎಂದೂ ಹೇಳಿದ್ದರು, ಫೋನು ಗೇಟಿನ ಪೆಟ್ಟಿಗೆಯಲ್ಲಿದೆ, ಎಲ್ಲರದೂ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡೆ, ತುದಿಯನ್ನು ಕ್ಲಚ್ಚಿನ ಮನೆಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟರೆ ಮಷಿನಿನ ಹೊಟ್ಟೆಯೊಳಗಿನದೆಲ್ಲ ಕೇಳಿಸುತ್ತದೆ, ಇದನ್ನು ನನಗೆ ಕಲಿಸಿದವರು ಕೃಷ್ಣಪ್ಪಣ್ಣ, ಟಕ್, ಇದೆ, ಸ್ಪಷ್ಟ ಇದೆ, ಆದರೆ ಎಲುಬಿನಿಂದ ಒಳಗೆ ಹೋದದ್ದೋ, ಒಳಗಿನಿಂದ ಎಲುಬಿಗೆ ಬಂದದ್ದೋ, ಸ್ಕ್ರೂಡ್ರೈವರ್ ಹೇಳುವುದಿಲ್ಲ. ಹತ್ತು ನಿಮಿಷ ಕಾದು ನೋಡಲೇ, ಹತ್ತು ನಿಮಿಷಕ್ಕೆ ಅವಳ ಕೈ ನೂರು ಸಲ ಒಳಗೆ ಹೋಗುತ್ತದೆ. ಬೆವರ್ತಾ ಇದಾನೆ ನೋಡಿ, ಎಂದ ಹಿಂದಿನ ಸೀಟಿನವನು. ಎದ್ದುಬಿಟ್ಟಿದ್ದಾನೆ ಹಾಗಾದರೆ. ಅವನು ಎದ್ದಿದ್ದಾನೆ ಎಂದರೆ ಟಕ್ ಕೂಡ ಅವನದೇ ಇರಬೇಕು, ಇರಬೇಕು ಎಂದು ಹೇಗೆ ಹೇಳಲಿ, ಹುಚ್ಚನ ಶೆಡ್ಡಿನಲ್ಲಿ ಮಷಿನು ಕೆಡಬಾರದೆಂದು ಕಾನೂನಿದೆಯೇ.

ಸುಮ್ಮನೆ ನಿಲ್ಲಿಸಿಬಿಡಬಹುದು, ಕೆಂಪು ಗುಂಡಿ ಮೊಳದ ದೂರದಲ್ಲಿದೆ, ಆದರೆ ಕಳೆದ ತಿಂಗಳು ಐದನೆಯದನ್ನು ನಿಲ್ಲಿಸಿದೆ, ಬಿಚ್ಚಿ ನೋಡಿದರೆ ಬೇರಿಂಗ್ ಹೊಸ ಮದುಮಗಳ ಹಾಗಿತ್ತು, ಹೋದ ವಾರ ಕಂಪ್ರೆಸರ್ ನಿಲ್ಲಿಸಿದೆ, ಅದಕ್ಕೂ ಏನೂ ಆಗಿರಲಿಲ್ಲ. ಸೂಪರ್‌ವೈಸರ್ ಗುರುರಾಜ್ ಕೆಟ್ಟವರಲ್ಲ, ಒಳಗೆ ಕರೆದು ಬಾಗಿಲು ಹಾಕಿ ಮೆಲ್ಲಗೇ ಹೇಳಿದರು, ಇರಣ್ಣ, ಇನ್ನೊಂದ್ಸಲ ಸುಮ್ಸುಮ್ನೆ ಲೈನ್ ನಿಲ್ಲಿಸಿದ್ರೆ ನೀವು ಮನೇಲೇ ರೆಸ್ಟ್ ತಗೊಳ್ಳಿ, ಮೇಲಿನವ್ರಿಗೆ ನಾನೇನು ಹೇಳ್ಲಿ. ರೆಸ್ಟ್ ಎಂದರೆ ಏನೆಂದು ನನಗೆ ಗೊತ್ತು, ಬೆಳಗಿನಿಂದ ಸಂಜೆವರೆಗೆ ಗೋಡೆ, ಗೋಡೆ ಮತ್ತು ಕಂಡಕ್ಟರ್, ಕೆಲಸವಿದ್ದರೆ ನಾನು ಫಿಟ್ಟರ್ ಇರಣ್ಣ, ಇಲ್ಲದಿದ್ದರೆ ಬರೀ ಹುಚ್ಚ ಇರಣ್ಣ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಶರಣಮ್ಮನ ಸೋದರಮಾವ ನನ್ನೆದುರೇ ಗಾದೆ ಹೇಳಿ ನಕ್ಕಿದ್ದ, ಮದುವೆಯಾಗಿ ಒಂಬತ್ತು ವರ್ಷವಾಗಿತ್ತು ನನಗೆ, ಆ ಗಾದೆ ಅಲ್ಲಿ ಸಲ್ಲದಿದ್ದರೂ ಇಲ್ಲಿ ಸಲ್ಲುತ್ತದೆ, ನಿಲ್ಲಿಸದೆ ಸದ್ದು ಯಾರದೆಂದು ತಿಳಿಯದು, ತಿಳಿಯದೆ ನಿಲ್ಲಿಸುವಂತಿಲ್ಲ. ಧಡ್, ಟಕ್, ಐದು ಹೋದವು. ಬಂದವು. ಗಂಟಲು ಒಣಗಿದೆ, ನೀರಿನ ಡ್ರಮ್ಮು ಸ್ಟೋರಿನ ಪಕ್ಕದಲ್ಲಿದೆ, ಸ್ಟೋರಿನಲ್ಲಿ ಕೃಷ್ಣಪ್ಪಣ್ಣ ಇದ್ದಾರೆ, ಹಾಗಾಗಿ ನಾನು ಅಲ್ಲಿ ನೀರು ಕುಡಿಯುವುದಿಲ್ಲ.

ಮೊದಲು ನಾಲ್ಕನೆಯದರ ಮುಂದೆ ಕೂರುತ್ತಿದ್ದವರು ಅವರೇ, ಈ ಶೆಡ್ಡು ನಿಂತಿರುವುದೂ ಅವರಪ್ಪನ ರಾಗಿ ಹೊಲದಲ್ಲೇ ಅಂತೆ, ನಮ್ಮೊಲ್ದಾಗೇ ನಾನ್ ಕೂಲಿ ಕಣ್ಲಾ ಎಂದು ನಗುತ್ತಿದ್ದರು. ಹತ್ತು ತಿಂಗಳ ಹಿಂದೆ, ಚಹಾದ ಹೊತ್ತಿಗೆ ಸ್ವಲ್ಪ ಮುಂಚೆ, ಅವರ ಧಡ್ ಹಿಂದೆ ಹೀಗೇ ಟಕ್ ಬಂತು. ಆಗ ಪೂರ್ತಿ ಮಾತ್ರೆ ನುಂಗುತ್ತಿದ್ದೆ, ಡಾಕ್ಟರಮ್ಮ ಹೊಸದಾಗಿ ಹೇಳಿಕೊಟ್ಟಿದ್ದರು, ಸದ್ದು ಬಂದ್ರೆ ಬರ್ಲಿ ಬಿಡಿ, ರೋಡಲ್ಲಿ ಯಾರೋ ಯಾರನ್ನೋ ಕೂಗಿದ್ರೆ ನೀವು ನಿಲ್ತೀರಾ, ಹಂಗೆ ದಾಟ್ಕೊಂಡು ಹೋಗಿ. ಅವರು ಹೇಳಿದ್ದು ಮಾತಿಗೆ, ಮಷಿನಿಗಲ್ಲ, ಮಷಿನಿನ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. ದಾಟಿಕೊಂಡು ಹೋದೆ. ಹೆಮ್ಮೆಯಿಂದ ಹೋದೆ, ಅದೇ ನನ್ನನ್ನು ತಿನ್ನುವುದು, ನೋಡು ಎಷ್ಟು ಗುಣವಾಗಿದ್ದೇನೆ, ಕೇಳಿಸಿದರೂ ತಿರುಗಿ ನೋಡಲಿಲ್ಲ, ಸಂಜೆ ಶರಣಮ್ಮನಿಗೆ ಹೇಳಬೇಕು ಎಂದುಕೊಳ್ಳುತ್ತ ಚಹಾ ಲೋಟ ಹಿಡಿದಿದ್ದೆ, ಆಗ ಕೂಗು, ಓಡಿ ಬಂದಾಗ ಅವರ ತೋರುಬೆರಳು, ನಡುಬೆರಳು ಕೈಯಲ್ಲಿರಲಿಲ್ಲ. ಕಾಗದದಲ್ಲಿ ಕೆಲಸಗಾರನ ಅಜಾಗರೂಕತೆ ಎಂದು ಬರೆದರು, ಅವರು ಎಡಗೈಯಲ್ಲಿ ಸಹಿ ಹಾಕಿದರು, ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈಗ ಸ್ಟೋರಿನಲ್ಲಿ ಕೂತು ಉಳಿದ ಮೂರು ಬೆರಳಲ್ಲಿ ನಟ್ಟು ಬೋಲ್ಟು ಎಣಿಸಿಕೊಡುತ್ತಾರೆ, ಕೊಡುವಾಗ ಯಾರಿಗೂ ಕೇಳಿಸದ ಹಾಗೆ, ಮಾತ್ರೆ ನುಂಗ್ದೇನ್ಲಾ ಇರಣ್ಣ, ಎನ್ನುತ್ತಾರೆ, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಅವರನ್ನು ಕಂಡರೆ ಸಾಯುವಷ್ಟು ನಾಚಿಕೆ, ಸಾಯುವಷ್ಟು ಪ್ರೀತಿ.

ಧಡ್, ಟಕ್, ಐದು ಒಳಗೆ, ಇದು ನನ್ನ ತಲೆಯದೇ, ಮಾತ್ರೆ ಅರ್ಧ ಮಾಡಿದ್ದಕ್ಕೆ ತಲೆ ಸೇಡು ತೀರಿಸಿಕೊಳ್ಳುತ್ತಿದೆ, ಐದು ಹೊರಗೆ, ಅಲ್ಲದಿದ್ದರೆ, ನೀಲಿ ಉಗುರು ಒಳಗೆ, ಅಲ್ಲದಿದ್ದರೆ ಇವಳೂ ನಾಳೆಯಿಂದ ಸ್ಟೋರಿನಲ್ಲಿ, ಹೊರಗೆ, ಕೈ ಎತ್ತಿದ ನೋಡ್ರಪ್ಪ, ಎತ್ತಿದ, ಹೊಡೀತಾನೆ, ಎಲ್ಲಿ ಹೊಡೀತಾನೆ ಹೇಡಿ, ಮುಂದಕ್ಕೋಗಿ ಮುಂದಕ್ಕೋಗಿ, ಒಳಗೆ ಹೋದವು, ನನ್ನ ಮರ್ಯಾದೆ ಒಂದು ಕಡೆ, ಐದು ಬೆರಳು ಒಂದು ಕಡೆ, ಇದನ್ನು ತೂಗಲು ನಾನು ಇಷ್ಟು ಹೊತ್ತು ತೆಗೆದುಕೊಂಡೆನಲ್ಲ, ಥೂ, ಹೊಡೆದೆ. ಅಂಗೈಯಿಂದ ಗುಂಡಿಗೆ ಹೊಡೆದೆ, ಇನ್ನೊಂದು ಕೈಯಲ್ಲಿ ಅವಳ ಮುಂಗೈ ಹಿಡಿದು ಆಚೆ ಎಳೆದೆ, ಸ್ಟೂಲು ಬಿತ್ತು, ಅಯ್ಯೋ ಬಿಡಣ್ಣ ಏನಾಯ್ತು, ಬಿಲ್ಲೆಗಳು ಚೆಲ್ಲಾಪಿಲ್ಲಿ. ಗುರುರಾಜ್ ಓಡಿ ಬಂದರು, ಮತ್ತೇನ್ರೀ ಇರಣ್ಣ, ಹೇಳಿದ್ದೆ ತಾನೆ ನಿಮ್ಗೆ. ಉಳಿದವರೂ ಪೆಡಲಿನಿಂದ ಕಾಲು ತೆಗೆದು ನೋಡುತ್ತಿದ್ದಾರೆ, ನೋಡುವುದೆಂದರೆ ನಮಗೆ ಹಬ್ಬ. ಡಬಲ್ ಹೊಡಿತೈತ್ರಿ ಸರ್, ಎನ್ನಲು ಬಾಯಿ ತೆರೆದೆ, ಮುಗಿಸಲಾಗಲಿಲ್ಲ, ಜನರ ನಡುವೆ ಕೃಷ್ಣಪ್ಪಣ್ಣ ನಿಂತಿದ್ದರು, ನನ್ನ ಮುಖವನ್ನೇ ನೋಡುತ್ತಿದ್ದರು, ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದರು. ಇಡೀ ಶೆಡ್ಡಿನ ಮೋಟಾರು, ಫ್ಯಾನು, ಎಲ್ಲ ಸತ್ತವು. ಎಲ್ರೂ ಸುಮ್ಕಿರ್ರಿ, ಅವ್ನು ಕೇಳಿಸ್ಕಳ್ಲಿ.

ಕರೆಂಟು ಹೋದರೂ ನಾಲ್ಕನೆಯದರ ದಪ್ಪ ಚಕ್ರ ಒಂದಿಷ್ಟು ಹೊತ್ತು ಸುತ್ತುತ್ತದೆ, ಸುತ್ತುತ್ತಿದೆ, ನಿಧಾನವಾಗುತ್ತಿದೆ, ಸದ್ದು ಅದರದ್ದಾದರೆ, ಕೂರದ ಕೀಲಿ ಸುತ್ತಿಗೊಮ್ಮೆ ತಾಗಿ ಬರುವುದಾದರೆ, ಅದರ ಜೊತೆಗೇ ನಿಧಾನವಾಗಬೇಕು, ಟಕ್, ಚಕ್ರ ಏದುಸಿರು ಬಿಡುತ್ತಿದೆ, ಟಕ್, ಚಕ್ರಕ್ಕೆ ಇನ್ನೊಂದು ಸುತ್ತಿನ ಶಕ್ತಿ ಮಾತ್ರ, ಟಕ್ ಟಕ್, ಅದೇ ವೇಗ, ಒಂದಿಷ್ಟೂ ತಗ್ಗಿಲ್ಲ. ಚಕ್ರ ನಿಂತಿತು ಅನ್ನಿಸುತ್ತದೆ, ನನ್ನ ಕಣ್ಣನ್ನೂ ನಂಬಲೋ ಬೇಡವೋ, ಕೃಷ್ಣಪ್ಪಣ್ಣ ಬಂದು ನನ್ನ ಮಣಿಕಟ್ಟು ಹಿಡಿದು ನನ್ನ ಅಂಗೈಯನ್ನು ಚಕ್ರದ ಮೇಲಿಟ್ಟರು. ಮುಟ್ ನೋಡ್ಲಾ, ನಿಂತೈತೆ. ತಣ್ಣಗಿದೆ, ನಿಂತಿದೆ. ಇನ್ನೂ ಕೇಳ್ತಾ ಐತಾ. ಹೌದಣ್ಣಾ. ಮಷಿನ್ ಸರಿ ಐತಿ, ನನ್ನೊಳಗ ಕೇಳಾಕತ್ತೈತಿ, ಮಾತ್ರಿ ಅರ್ಧಾ ಮಾಡೀನಿ. ಅಷ್ಟೂ ಜನರೆದುರು ಹೇಳಿಬಿಟ್ಟೆ, ಗುರುರಾಜ್ ತಲೆ ಕೆಳಗೆ ಹಾಕಿದರು, ಆಶಾರಾಣಿ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟು ನಿಜ ಹೇಳಿದ ಬಾಯಿ ಇನ್ನು ಮುಚ್ಚಿಕೊಳ್ಳಲು ಒಪ್ಪಲಿಲ್ಲ. ಅಣ್ಣಾ, ಅವತ್ತೂ ಕೇಳಿಸಿತ್ತು. ನಿಮ್ಮ ಬೆರಳು ಹೋದ ದಿನಾ. ಅವತ್ತು ಖರೇನ ಮಷಿನ್ನಿಂದನ ಬಂದಿತ್ತು, ನಾ ಹೇಳಲಿಲ್ಲ, ದಾಟಿ ಚಹಾಕ್ಕ ಹೋದೆ. ಅವರ ಮುಖ ನೋಡಲಾರೆ, ಕಂಡಕ್ಟರ್ ಏನೋ ಕೂಗುತ್ತಿದ್ದಾನೆ, ಕೂಗಿಕೊಳ್ಳಲಿ, ನನ್ನ ಮಣಿಕಟ್ಟು ನೋಡುತ್ತಿದ್ದೇನೆ, ಅದರ ಮೇಲೆ ಅವರ ಕೈ, ಹೆಬ್ಬೆರಳು, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಉಂಗುರದ ಬೆರಳು, ಕಿರುಬೆರಳು. ಮೂರು. ಬಿಗಿಯುತ್ತಿಲ್ಲ, ಸಡಿಲಿಸುತ್ತಿಲ್ಲ. ಮೂರು ಬೆರಳು, ನಡುವೆ ಎರಡರ ಜಾಗ, ಆ ಜಾಗದಲ್ಲಿ ನನ್ನ ನಾಡಿ ಬಡಿಯುವುದು ಕಾಣುತ್ತಿದೆ, ಕೈ ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ, ಮೂರು ಬೆರಳು